ಕಾರ್ಪೆಟ್ಟಿನ ಕೆಳಗಿನ ಗಾಜು

ಕಾಕಾ ಅವರ ಅಂಗೈಗಳ ಚರ್ಮ ಸದಾ ಸುಲಿದಿರುತ್ತಿತ್ತು. ವಿಮಾನದ ಚಕ್ರಗಳನ್ನು ಏರಿಸಿ ಇಳಿಸುವ ನೇರಳೆ ಬಣ್ಣದ ಎಣ್ಣೆ ಹಾಗೆ ಸುಡುತ್ತಿತ್ತಂತೆ. ಊಟಕ್ಕೆ ಕೂತರೆ ಹೆಂಡತಿ, ನಮ್ಮ ಕಾಕುನೇ ರೊಟ್ಟಿ ಮುರಿದು, ಕೆಂಪು ಚಟ್ನಿ ಹಚ್ಚಿ ಕೊಡಬೇಕು. ಮದುವೆಯ ದಿನವೂ ಇಷ್ಟು ಪ್ರೀತಿಯಿಂದ ಉಣಿಸಿರಲಿಲ್ಲ ಎಂದು ಕಾಕಾ ಅವರನ್ನು ಕಾಡಿಸುವರು.

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಅವರದು ನಮ್ಮ ಎದುರು ಮನೆ. ವಿಜಾಪುರದ ಕಡೆಯವರು, ಸಾಂತಾಕ್ರೂಜ್ ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿ ಮಾಡುವ ಹ್ಯಾಂಗರ್‌ನಲ್ಲಿ ಮೆಕ್ಯಾನಿಕ್. ಸೆವೆಂಟೀಸ್‌ನಲ್ಲಿ, ಕಾನ್ವೆಂಟ್ ಮುಗಿಸಿ ನಾನು ಏರ್ ಹೋಸ್ಟೆಸ್ ಆದಾಗ ಬಿಲ್ಡಿಂಗ್‌ನವರೆಲ್ಲ ನನ್ನ ಸೀರೆ ನೋಡಲು ಬಂದರು. ಕಾಕಾ ಮಾತ್ರ ಒಂದು ಭಾನುವಾರ ಹ್ಯಾಂಗರ್‌ಗೆ ಕರೆದೊಯ್ದರು. ಜ್ಯಾಕ್‌ಗಳ ಮೇಲೆ ನಿಂತ ಜೆಟ್ಟಿನ ಕಾಕ್‌ಪಿಟ್ ನೆಲದಲ್ಲಿದ್ದ ಮುಚ್ಚಳ ತೆಗೆದು, ಹಿಡಿಕೆ ಎಳೆದರು. ಕೆಳಗೆ ಧಡ್ಡೆಂದು ಚಕ್ರ ಇಳಿಯಿತು.

"ಎಣ್ಣಿ ಎಲ್ಲಾ ಸೋರಿ ಹೋದ್ರೂ ತನ್ನ ಭಾರಕ್ಕ ತಾನ ಇಳೀತೈತಿ, ತಂಗಿ. ಆದ್ರ ಇಳದೈತಂತ ನಂಬಬ್ಯಾಡ. ನೋಡು."

ಸೀಟುಗಳ ನಡುದಾರಿಯ ಕಾರ್ಪೆಟ್ಟಿನ ತುಂಡೊಂದನ್ನು ಎತ್ತಿ, ನೆಲದಲ್ಲಿ ಕೂಡಿಸಿದ್ದ ಪುಟ್ಟ ಗಾಜು ತೋರಿಸಿದರು. ಅದರಲ್ಲಿ ಇಣುಕಿದರೆ ಚಕ್ರದ ಕಾಲಿನ ಮೇಲೆ ಕೆಂಪು ಗೆರೆಗಳು. ಅವು ಒಂದೇ ಸಾಲಿಗೆ ಬಂದರೆ ಚಕ್ರ ಲಾಕ್ ಆದಂತೆ. ರೆಕ್ಕೆಯ ಬಳಿಯ ಬಾಗಿಲಿನಿಂದ ಅಲ್ಲಿಗೆ ಎಷ್ಟು ಸೀಟು ಎಂದು ನನ್ನಿಂದ ಮೂರು ಸಲ ಎಣಿಕೆ ಮಾಡಿಸಿದರು. ನನಗೋ, ಸ್ವಲ್ಪ ಬೋರ್.

ಮುಂದಿನ ಮಳೆಗಾಲ, ನಾನಿದ್ದ ವಿಮಾನ ಮುಂಬಯಿಗೆ ಇಳಿಯುವ ಹೊತ್ತಿಗೆ ಎಣ್ಣೆ ಸೋರಿಹೋಯಿತು. ಪೈಲಟ್ ಹಿಡಿಕೆ ಎಳೆದರು. ಚಕ್ರಗಳು ಲಾಕ್ ಆದವೆಂದು ತೋರುವ ಮೂರು ಹಸಿರು ದೀಪಗಳಲ್ಲಿ ಹತ್ತಿದ್ದು ಎರಡೇ. ಸಮುದ್ರದ ಮೇಲೆ ಸುತ್ತು ಹಾಕತೊಡಗಿದೆವು. ಕೋಪೈಲಟ್ ಬಂದು ನಡುದಾರಿಯಲ್ಲಿ ಮಂಡಿಯೂರಿ ತಡಕಾಡಿದರು. ಅಂದಿನದು ಹೊಸ ಕಾರ್ಪೆಟ್. ಗಾಜಿನ ಮೇಲಿನ ತುಂಡನ್ನು ಎತ್ತಲು ಬರುವಂತೆ ಕತ್ತರಿಸಿಯೇ ಇರಲಿಲ್ಲ. ನಾನು ಸೀಟು ಎಣಿಸಿ, ಪ್ಯಾಂಟ್ರಿಯ ಚಾಕುವಿನಿಂದ ಕೊಯ್ದೆ. ಸೇಠ್‌ಜಿಯೊಬ್ಬರು ಕಾಲೆತ್ತಿಕೊಂಡು, "ಕ್ಯಾ ಗಿರಾ ಬೇಟಿ, ಬಾಲಿ?" ಎಂದರು. ಹೌದು, ಬಿದ್ದದ್ದು ಕಿವಿಯೋಲೆಯೇ ಎಂದೆ.

ಕೆಂಪು ಗೆರೆಗಳು ಒಂದೇ ಸಾಲಿನಲ್ಲಿದ್ದವು. ಮೈ ಗಾಡ್, ಅಷ್ಟು ಚೆಂದದ್ದನ್ನು ನಾನು ಮತ್ತೆ ನೋಡಿಲ್ಲ. ಕೆಟ್ಟಿದ್ದು ಬರೀ ದೀಪ. ಇಳಿದೆವು.

ಸಂಜೆ ಓಡಿಹೋಗಿ ಹೇಳಿದರೆ ಕಾಕಾ ಊಟ ಬಿಟ್ಟು ಎದ್ದರು. ಆ ಕಾರ್ಪೆಟ್ ಪಾಸ್ ಮಾಡಿದ ಸಹಿ ಅವರದೇ. ಅಂದು ಮೊಣಕಾಲು ನೋಯುತ್ತಿತ್ತೆಂದು ಬಾಗಿಲಲ್ಲೇ ನಿಂತು ನೋಡಿದ್ದರಂತೆ. ಅದೇ ತಿಂಗಳು ಅವರಿಗೆ ಇನ್‌ಸ್ಪೆಕ್ಟರ್ ಪ್ರಮೋಷನ್ ಬರುವುದಿತ್ತು. ಮೇಲಿನವರು ಹೇಗೂ ತಪ್ಪನ್ನು ಕಾರ್ಪೆಟ್ ಹಾಸಿದವರ ಮೇಲೆ ಹಾಕಿ ಮುಗಿಸುತ್ತಾರೆ, ಪ್ಲೀಸ್, ಸುಮ್ಮನಿರಿ ಎಂದೆ.

"ಅವರು ಹಾಸವ್ರು. ನೋಡಾವ ನಾ. ನಾ ನೋಡಿಲ್ಲ."

ಮರುದಿನ ಹಾಗೆಯೇ ಬರೆದುಕೊಟ್ಟರು. ಪ್ರಮೋಷನ್ ಅವರ ಕೈಕೆಳಗೆ ಕಲಿತ ಮರಾಠಿಯವನಿಗೆ ಹೋಯಿತು. ರಿಟೈರ್ ಆಗುವ ತನಕ ಕಾಕಾ ಅವನಿಗೆ ಸಲಾಂ ಹೊಡೆದರು.

ಅವರು ತೀರಿಕೊಂಡಾಗ ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನು ಆ ಇನ್‌ಸ್ಪೆಕ್ಟರನೇ. ಆಮೇಲೆ ಮೆಟ್ಟಿಲ ಬಳಿ ನನಗೊಂದು ಮಾತು ಹೇಳಿದ. ಅಷ್ಟೂ ವರ್ಷ ಕಾಕಾ ಮೊದಲು ಮಂಡಿಯೂರಿ ನೋಡಿದ ಮೇಲೆಯೇ ಅವನು ಸಹಿ ಹಾಕುತ್ತಿದ್ದನಂತೆ.