ದೇವೀರತ್ತೆಯನ್ನು ನೋಡಿ ನಕ್ಕವರು

ನಾಗಮಂಗಲದಿಂದ ಪಾಂಡವಪುರಕ್ಕೆ ಹೋಗುವ ಬಸ್ಸಿನಲ್ಲಿ, ನನ್ನ ಹಿಂದಿನ ಸೀಟಿನಿಂದ ನನ್ನ ಸೋದರತ್ತೆಯ ದನಿ ಕೇಳಿಸಿತು. "ಬುಡ್ಲಾ ನನ್ ಸೆರಗ! ಯಾರ್ಲಾ ನೀನು? ಬುಡು ಅಂದ್ರೆ!" ಅದೇ ಒಡಕು ದನಿ, ಮಾತಿನ ಕೊನೆಯನ್ನು ಎಳೆದು ಬಿಡುವ ಅದೇ ರೀತಿ. ತಟ್ಟನೆ ತಿರುಗಿ ನೋಡಿದೆ. ಅತ್ತೆ ಇರಲಿಲ್ಲ. ಕಾಲೇಜಿನ ಹುಡುಗಿಯರಿಬ್ಬರು ಒಂದೇ ಫೋನಿಗೆ ತಲೆ ತಗುಲಿಸಿ ಕೂತಿದ್ದರು. ದನಿಯ ಬೆನ್ನಿಗೇ ತಗಡಿನ ಡಬ್ಬದಲ್ಲಿ ಕಲ್ಲು ಕುಲುಕಿದಂಥ ನಗು ಬಂತು. ಮನುಷ್ಯರು ನಕ್ಕದ್ದಲ್ಲ, ಮೇಲಿಂದ ಅಂಟಿಸಿದ್ದು. "ಈ ಅಜ್ಜಿ ಸಖತ್ ಕಾಮಿಡಿ ಕಣೇ" ಎಂದು ಒಬ್ಬಳು ಅದನ್ನೇ ಮತ್ತೆ ಮೊದಲಿನಿಂದ ಹಾಕಿದಳು. ಅತ್ತೆ ಮತ್ತೆ ಬೇಡಿಕೊಂಡಳು. ಕಿಟಕಿಯ ಸರಳು ಹಿಡಿದು ಮುಖವನ್ನು ಗಾಳಿಗೆ ಕೊಟ್ಟು ಕೂತೆ.

ಒಂದು ಕಾಲಕ್ಕೆ ಆ ದನಿ ನಮ್ಮದು ಮಾತ್ರ ಆಗಿತ್ತು. ಹೊಸಹೊಳಲಿನ ಹತ್ತಿರ ತಾತ ಕಟ್ಟಿಸಿದ ಮನೆಯಲ್ಲಿ ಅಪ್ಪ, ಚಿಕ್ಕಪ್ಪ, ಅವರ ಹೆಂಡಿರು ಮಕ್ಕಳು ಎಲ್ಲರೂ ಒಟ್ಟಿಗಿದ್ದೆವು. ದೇವೀರತ್ತೆ ಅಪ್ಪನ ಅಕ್ಕ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ಚಳಿಗಾಲದ ಮಧ್ಯಾಹ್ನಗಳಲ್ಲಿ ಹಜಾರದ ನಡುವೆ ಅವರೆಕಾಯಿ ರಾಶಿ ಸುರಿದು ಹೆಂಗಸರು ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ಸೊಗಡಿನ ಎಣ್ಣೆ ಬೆರಳುಗಳಿಗೆ ಅಂಟಿ, ಇಡೀ ಮನೆ ಹಸಿರು ಹಸಿರಾಗಿ ನಾರುತ್ತಿತ್ತು. ಆಗ ಅತ್ತೆ ಕೆ.ಆರ್. ಪೇಟೆಯ ಟೆಂಟಿನಲ್ಲಿ ನೋಡಿ ಬಂದ ಸಿನಿಮಾವನ್ನು ಹೇಳುತ್ತಿದ್ದಳು. ಹೇಳುವುದೆಂದರೆ ಬರೀ ಬಾಯಲ್ಲಲ್ಲ. ನಾಲಗೆಯಲ್ಲಿ ಕುದುರೆ ಓಡಿಸುತ್ತಿದ್ದಳು, ಸೆರಗಿನ ತುದಿ ಹುರಿ ಮಾಡಿ ಮೀಸೆಯಂತೆ ಇಟ್ಟು ಖಳನಾಯಕನಾಗುತ್ತಿದ್ದಳು. ಅವಳ ಸಿನಿಮಾಗಳಲ್ಲಿ ತಾಯಂದಿರು ಸಾಯುತ್ತಿರಲಿಲ್ಲ. ಮುಂದೆಂದೋ ಅದೇ ಸಿನಿಮಾ ನೋಡಿದಾಗ ತಾಯಿ ಅರ್ಧಕ್ಕೇ ಸತ್ತು, ನನಗೆ ಟೆಂಟಿನವರೇ ಮೋಸ ಮಾಡಿದರೆನ್ನಿಸಿತ್ತು. ಅವಳನ್ನು ನೋಡಿ ನಾವೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು ನಿಜ. ಆದರೆ ಆ ನಗುವನ್ನು ನಮಗೆ ಕೊಡುತ್ತಿದ್ದವಳು ಅವಳು. ಬೇಕೆಂದಾಗ ಕೊಟ್ಟು, ಸಾಕೆಂದಾಗ "ಏಳ್ರಲಾ, ಎಮ್ಮೆ ಕರಿಯೋ ಹೊತ್ತಾಯ್ತು" ಎಂದು ನಿಲ್ಲಿಸುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬಹುದು. ಇದ್ದಿದ್ದರೆ, ನಾನು ಏನು ಹೇಳುತ್ತಿದ್ದೇನೆಂದು ನಿಮಗೆ ತಿಳಿಯುತ್ತದೆ.

ಚಿಕ್ಕಪ್ಪನ ಮಗ ಪರಮೇಶನನ್ನು ಸಾಕಿದವಳೂ ಅವಳೇ. ಚಿಕ್ಕಮ್ಮ ಬಾಣಂತನದಲ್ಲಿ ಕಾಯಿಲೆ ಬಿದ್ದಿದ್ದರಿಂದ ಕೂಸು ಅತ್ತೆಯ ಮಗ್ಗುಲಲ್ಲೇ ಬೆಳೆಯಿತು. ಅಳಗುಳಿಮಣೆ ಆಡಲು ಕೂತರೆ ಅವನಿಗೆ ಸೋಲಲು ಬರುತ್ತಿರಲಿಲ್ಲ, ತುಟಿ ಚಾಚಿ ಅಳುತ್ತಿದ್ದ. ಆಗ ಅತ್ತೆ ನಮ್ಮ ಕಣ್ಣೆದುರಿಗೇ ತನ್ನ ಗುಳಿಯ ಹುಣಸೆಬೀಜಗಳನ್ನು ಅವನ ಗುಳಿಗೆ ಜಾರಿಸುತ್ತಿದ್ದಳು. "ಮೋಸ!" ಎಂದು ನಾವು ಕೂಗಿದರೆ, "ಮಗಾ ಕಣ್ರವ್ವ, ಗೆಲ್ಲಲಿ ಬುಡಿ" ಅನ್ನುವಳು. ಇಷ್ಟು ಮಾತಿನ ಹೆಂಗಸು ಗಂಡನ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಮಾವ ಹೇಗಿದ್ದರೆಂದು ಒಮ್ಮೆ ಕೇಳಿದ್ದೆ. "ಅದೊಂದ ಬುಡವ್ವ" ಎಂದು ಎದ್ದು ಕೊಟ್ಟಿಗೆಗೆ ಹೋಗಿ, ತೊಳೆದಿದ್ದ ಎಮ್ಮೆಯನ್ನೇ ಮತ್ತೆ ತೊಳೆಯುತ್ತಾ ನಿಂತಳು. ಆಮೇಲೆ ಯಾರೂ ಕೇಳಲಿಲ್ಲ. ನೋವು ಕೆದಕಬಾರದೆಂಬಷ್ಟು ನಾಚಿಕೆ ಆ ಮನೆಗೆ ಇತ್ತು.

ತಾತನ ನಂತರ ಭಾಗವಾಯಿತು. ಮನೆ ಕೆಡವಿದರು. ಹಜಾರವಿದ್ದಲ್ಲಿ ಈಗ ಶಟರ್ ಎಳೆದ ಮಳಿಗೆಗಳ ಸಾಲಿದೆ. ಮದುವೆಯಾಗಿ ನಾಗಮಂಗಲಕ್ಕೆ ಬಂದ ನಾನು ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡೆ. ಪರಮೇಶ ಕೆ.ಆರ್. ಪೇಟೆಯಲ್ಲಿ ಮನೆ ಮಾಡಿ, "ಅತ್ತೆ ನಮ್ಮವ್ವ ಇದ್ದಂಗೆ, ನಾನೇ ನೋಡ್ಕತೀನಿ ಕಣಕ್ಕ" ಎಂದು ಅವಳನ್ನು ಕರೆದೊಯ್ದ. ಕೆಲವು ವರ್ಷ ಚೆನ್ನಾಗೇ ನೋಡಿಕೊಂಡ. ಅವಳಿಗೆ ಮರೆವು ಕವಿಯತೊಡಗಿದ ಮೇಲೆ ಅವನ ಕೈಗೆ ಆಟಿಕೆಯೊಂದು ಸಿಕ್ಕಂತಾಯಿತು. ಅವಳನ್ನು ಕೆಣಕುವುದು, ಬೈಸಿಕೊಳ್ಳುವುದು, ಅದನ್ನು ಫೋನಿನಲ್ಲಿ ಹಿಡಿದು ಲೋಕಕ್ಕೆಲ್ಲ ಹಂಚುವುದು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಹಾಕುತ್ತಿದ್ದ. ಅವಳ ಕೈತುತ್ತು ತಿಂದವರೆಲ್ಲ ಕಣ್ಣೀರು ಬರುವಂತೆ ನಗುವ ಹಳದಿ ಮುಖಗಳನ್ನು ಸಾಲಾಗಿ ಅಂಟಿಸುತ್ತಿದ್ದರು. ಬೇಡ ಕಣೋ ಎಂದು ನಾನು ಬರೆದಾಗ, "ಆಯ್ತಕ್ಕ, ಇನ್ಮೇಲೆ ಹಾಕಲ್ಲ" ಅಂದಿದ್ದ. ಹಾಕಲಿಲ್ಲ, ಗುಂಪಿಗೆ.

ಬಸ್ಸಿನಲ್ಲಿ ದನಿ ಕೇಳಿದ ಆ ದಿನ ಪಾಂಡವಪುರದಲ್ಲಿ ಇಳಿದವಳು ನನ್ನ ಕೆಲಸ ಬಿಟ್ಟು ಕೆ.ಆರ್. ಪೇಟೆ ಬಸ್ಸು ಹತ್ತಿದೆ. ಪರಮೇಶನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕೋಲಿನ ಮೇಲೆ ಬಳೆಯಂಥ ದೀಪ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ತಲೆ ಬಾಚಿ, ಮುಡಿ ತುಂಬ ಮಲ್ಲಿಗೆ ಇಟ್ಟಿದ್ದರು. ನಾನು ಬಂದದ್ದನ್ನು ಪರಮೇಶ ನೋಡಲಿಲ್ಲ. ಫೋನು ಹಿಡಿದು, "ಅತ್ತೆ, ಮಾವ ಬಂದವ್ರೆ. ಕೋಣೆಲವ್ರೆ, ಓಗಿ ಕರಿ" ಅಂದ. ಅತ್ತೆಯ ಮುಖ ಬದಲಾಯಿತು. ಅಂಥ ಮುಖವನ್ನು ನಾನು ಅವಳಲ್ಲಿ ಎಂದೂ ಕಂಡಿರಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡಳು, ಅಂಗೈಯಿಂದ ಮುಖ ಒರೆಸಿಕೊಂಡಳು. "ಬಂದ್ರಾ?" ಎಂದು ಹುಡುಗಿಯ ಹಾಗೆ ಮೆಲ್ಲಗೆ ಕೇಳಿ, "ಕಾಲಿಗ್ ನೀರ್ ಕೊಡ್ರವ್ವ ಯಾರಾದ್ರೂ" ಎನ್ನುತ್ತಾ ಕೋಣೆಯ ಬಾಗಿಲು ತಳ್ಳಿದಳು. ಒಳಗಿನಿಂದ ಪರಮೇಶನ ಗೆಳೆಯನೊಬ್ಬ ಕಪ್ಪು ಮುಖವಾಡ ಹಾಕಿಕೊಂಡು ಊಳಿಡುತ್ತಾ ಅವಳ ಮೇಲೆ ನೆಗೆದ.

ಅತ್ತೆ ಚೀರಿ ಗೋಡೆಗೆ ಒರಗಿದಳು. ನಿಂತಲ್ಲೇ ಅವಳ ಸೀರೆ ಒದ್ದೆಯಾಗಿ ನೆಲದ ಮೇಲೆ ನೀರು ಹರಿಯಿತು. ಪರಮೇಶನ ಫೋನು ಅವಳ ಮುಖದಿಂದ ನಿಧಾನವಾಗಿ ಕೆಳಗಿಳಿದು ಅದನ್ನೂ ಹಿಡಿಯಿತು.

ನಾನು ಮುಂದೆ ಹೋಗಿ ಅವನ ಕೈಗೆ ಹೊಡೆದೆ. ಫೋನು ಮೂಲೆಗೆ ಹೋಗಿ ಬಿತ್ತು. "ಏನಕ್ಕ ನೀನು! ತಮಾಸೆಗ್ ಮಾಡಿದ್ದು ಕಣಕ್ಕ" ಎಂದ ಪರಮೇಶ. ಅವನ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ. "ಅವಳ್ಗೇನ್ ಗೊತ್ತಾಯ್ತದೆ? ಒಂದ್ಗಳಿಗೇಲಿ ಮರ್ತ್ಬುಡ್ತಾಳೆ. ಜನ ಎಷ್ಟ್ ಪ್ರೀತಿಂದ ನೋಡ್ತಾವ್ರೆ ಗೊತ್ತಾ?"

"ಮರೀತಾಳೆ. ಈಗ ನಡುಗ್ತಾವಳಲ್ಲ, ಇದ ಯಾರ್ಲಾ ಅನುಭವಿಸ್ತಾ ಇರೋದು?" ಅಂದೆ. ಅವನು ಬಗ್ಗಿ ಫೋನೆತ್ತಿಕೊಂಡು ಗಾಜು ಒಡೆದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ನನಗೆ ಅವನ ಮೇಲಿದ್ದ ಕೊನೆಯ ಮಮತೆಯೂ ಸತ್ತದ್ದು ಆಗ.

ಅವನ ಹೆಂಡತಿ ಸವಿತ ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಬಿಸಿನೀರು ತೋಡಿಕೊಟ್ಟಳು. ಇಬ್ಬರೂ ಸೇರಿ ಅತ್ತೆಗೆ ಸ್ನಾನ ಮಾಡಿಸಿದೆವು. ಬೆನ್ನು ಉಜ್ಜುವಾಗ ಅವಳು ಮೆಲ್ಲಗೆ, "ಅವ್ರು ಉಂಡ್ರಾ?" ಎಂದು ಕೇಳಿದಳು. "ಉಂಡ್ರತ್ತೆ" ಅಂದೆ. ಪರಮೇಶ ಹೇಳಿದ್ದೂ ಸುಳ್ಳು, ನಾನು ಹೇಳಿದ್ದೂ ಸುಳ್ಳೇ. ಅವತ್ತೇ ಅವಳನ್ನು ನಾಗಮಂಗಲಕ್ಕೆ ಕರೆದುಕೊಂಡು ಬಂದೆ. ಸಂಜೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ನನ್ನ ವಿಚಾರಣೆ ನಡೆದಿತ್ತು. ಮನೆಯ ಮಾನ ಬೀದಿಗೆ ತಂದವಳು ನಾನು ಎಂದು ಚಿಕ್ಕಪ್ಪ ಬರೆದಿದ್ದರು. ಅದರ ಕೆಳಗೆ ಹೆಬ್ಬೆರಳು ಎತ್ತಿದವರಲ್ಲಿ ನನ್ನ ತಮ್ಮನೂ ಇದ್ದ. ಓದಿ ಮುಗಿಸಿ, ಗುಂಪಿನಿಂದ ಹೊರಗೆ ಬಂದೆ. ಕೆಸರಿನಿಂದ ಕಾಲೆತ್ತಿದ ಹಾಗಾಯಿತು.

ಆ ಬೇಸಗೆಯನ್ನು ಅತ್ತೆ ನನ್ನ ಅಂಗಡಿಯಲ್ಲಿ ಕಳೆದಳು. ಹೊಲಿಗೆ ಯಂತ್ರದ ಪಕ್ಕ ಚಾಪೆ ಹಾಕಿ ಕೂರಿಸಿದರೆ, ಕತ್ತರಿಸಿ ಬಿದ್ದ ತುಂಡುಗಳನ್ನು ಆಯ್ದು ಬಣ್ಣಕ್ಕೆ ಬಣ್ಣ ಜೋಡಿಸುತ್ತಿದ್ದಳು. ನನ್ನನ್ನು ಗುರುತಿಸಲಿಲ್ಲ, ಆದರೆ ಹೆದರಲೂ ಇಲ್ಲ. ರವಿಕೆ ಕೊಡಲು ಬಂದ ಯಾರಾದರೂ ಅವಳನ್ನು ದಿಟ್ಟಿಸಿ, "ಆ ಫೋನಲ್ಲಿ ಬರೋ ಅಜ್ಜಿ ಅಲ್ವಾ?" ಎಂದು ಹಲ್ಲು ಕಿರಿದರೆ, ಬಟ್ಟೆಯನ್ನು ಹಾಗೇ ಅವರ ಕೈಗೆ ವಾಪಸು ಕೊಟ್ಟು ಕಳಿಸುತ್ತಿದ್ದೆ. ಮುಂಗಾರು ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ, ಗಂಜಿ ಕುಡಿದು ಗೋಡೆಗೆ ಒರಗಿದವಳು ಹಾಗೇ ಹೋಗಿಬಿಟ್ಟಳು.

ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಹೊಳೆಗೆ ಹೋದೆವು. ಎಲ್ಲರೂ ಬಂದಿದ್ದರು, ಹಳದಿ ಮುಖ ಅಂಟಿಸಿದವರೆಲ್ಲ. ಪರಮೇಶ ಮೆಟ್ಟಿಲ ಮೇಲೆ ನಿಂತು ಫೋನು ಎತ್ತಿ, ಗಂಟಲು ಸರಿಮಾಡಿಕೊಂಡು, "ಸ್ನೇಹಿತರೇ, ನಮ್ಮೆಲ್ಲರ ಪ್ರೀತಿಯ ಅಜ್ಜಿ" ಎಂದು ಶುರುಮಾಡಿದ. ಕಣ್ಣಲ್ಲಿ ನೀರೂ ಇತ್ತು. ಅದು ನಿಜವೋ ಅಲ್ಲವೋ ನನಗೆ ತಿಳಿಯಲಿಲ್ಲ, ಅವನಿಗಾದರೂ ತಿಳಿದಿತ್ತೋ ಇಲ್ಲವೋ. ಸವಿತ ಅವನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ಒಳಗಿಡಿ ಅದ್ನ. ಸಾಕು" ಅಂದಳು. ಅವನು ಒಳಗಿಟ್ಟ. ಆಮೇಲೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವನಂತೆ ಬೆನ್ನ ಹಿಂದೆ ಕಟ್ಟಿದ, ಬಿಟ್ಟ, ಮತ್ತೆ ಕಟ್ಟಿದ. ಕೊನೆಗೆ ನೋಡಿಕೊಂಡವಳು ನೀನೆಂದು ಪುರೋಹಿತರು ನನಗೆ ನೀರಿಗಿಳಿಯಲು ಹೇಳಿದರು. ಮಳೆಗೆ ಹೊಳೆ ಕೆಂಪಾಗಿ ಓಡುತ್ತಿತ್ತು. ಮಡಕೆ ಬಾಗಿಸಿದೆ. ಬೂದಿ ಒಂದು ಗಳಿಗೆ ನನ್ನ ಮೊಣಕಾಲಿನ ಸುತ್ತ ತಿರುಗಿ, ಸೆಳವು ಸಿಕ್ಕ ಕೂಡಲೇ ಅತ್ತ ಹೋಯಿತು.