ಪುರುಷೋತ್ತಮನ ಎಂಟು ಕೊಂಬಿನ ರೂಟರ್

ಬಂದ್ಯೋಡಿನಲ್ಲಿ ಹೆದ್ದಾರಿಗೆ ಮುಖ ಮಾಡಿ ನಿಂತಿರುವ ಆ ಸಭಾಭವನ ಮೊದಲು ಅಕ್ಕಿ ಮಿಲ್ಲಾಗಿತ್ತು. ಅಪ್ಪ ಭತ್ತ ಕುಟ್ಟಿಸಿ ಊರಿಗೆ ಅಕ್ಕಿ ಕೊಟ್ಟ. ಮಗ ಪುರುಷೋತ್ತಮ ಮೆಷಿನನ್ನು ಗುಜರಿಗೆ ಹಾಕಿ, ಅದೇ ತಗಡಿನ ಮಾಡಿನ ಕೆಳಗೆ ಪ್ಲಾಸ್ಟಿಕ್ ಹೂವು ಕಟ್ಟಿ ಮದುವೆ ನಡೆಸಲು ಬಾಡಿಗೆಗೆ ಕೊಟ್ಟ. ಅದು ತಪ್ಪೆಂದು ನಾನು ಹೇಳುವುದಿಲ್ಲ, ಮದುವೆಗೂ ಜಾಗ ಬೇಕು. ಆದರೆ ಮಿಲ್ಲಿನ ತೌಡೆಲ್ಲ ಆ ಮನುಷ್ಯನ ತಲೆಯೊಳಗೇ ಉಳಿದುಬಿಟ್ಟಿದೆ ಎಂಬುದನ್ನು, ಪಕ್ಕದ ಅಂಗಡಿಯಲ್ಲಿ ಕೂತು ಇಷ್ಟು ಕಾಲ ಅವನನ್ನು ನೋಡಿದ ಮೇಲೆ, ಹೇಳದೆ ಇರಲಾರೆ.

ಅವನ ರೋಗ ಗಲ್ಫಿನ ಸಾಮಾನಿನದು. ತಾನು ಹೋದವನಲ್ಲ. ಪ್ರಾಯದಲ್ಲಿ ವೀಸಾಕ್ಕೆಂದು ಬೊಂಬಾಯಿಗೆ ಹೋಗಿ, ಅಲ್ಲೊಂದು ಹೋಟೆಲಿನಲ್ಲಿ ದೋಸೆ ಹೊಯ್ದು, ಹೋದ ದಾರಿಯಲ್ಲೇ ಹಿಂದೆ ಬಂದ. ಹೋದವರು ಅಲ್ಲಿನ ಬೆವರನ್ನು ನೆನೆದು ಬಾಯಿ ಮುಚ್ಚಿಕೊಂಡಿರುತ್ತಾರೆ. ಹೋಗದ ಇವನದೇ ಗತ್ತು. ಹೆಂಡತಿ ರಾಜೀವಿಯ ತಮ್ಮ ಧನರಾಜ್ ಶಾರ್ಜಾದಲ್ಲಿದ್ದಾನೆ. ಅವನು ರಜೆಯಲ್ಲಿ ಬರುವಾಗ ತಂದ ಅತ್ತರು, ಟಾರ್ಚು, ನೋವಿನ ಮುಲಾಮು ಎಲ್ಲ ಇವನಿಗೆ ದೇವರ ಪ್ರಸಾದ. ಏಪ್ರಿಲಿನ ಸೆಕೆಯಲ್ಲೂ ಹುಲಿಯ ಚಿತ್ರದ ಗಲ್ಫಿನ ಕಂಬಳಿ ಹೊದ್ದು ಬೇಯುವ ಜೀವ ಅದು.

ದೀಪಾವಳಿಗೆ ಮುಂಚಿನ ಒಂದು ಸಂಜೆ ಸಿಡಿಲು ಬಡಿದು ಸಭಾಭವನದ ವೈಫೈ ರೂಟರ್ ಸುಟ್ಟು ಕರಕಲಾಯಿತು. ಗುಡುಗು ಶುರುವಾದ ಕೂಡಲೇ ಪ್ಲಗ್ ಎಳೆಯಬೇಕೆಂದು ಈ ಊರಿನ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಇವನು ಎಳೆದಿರಲಿಲ್ಲ. ಈಗಿನ ಕಾಲದಲ್ಲಿ ನೆಟ್ ಇಲ್ಲದ ಸಭಾಭವನಕ್ಕೆ ಯಾರೂ ಕಾಲಿಡುವುದಿಲ್ಲ. ಮನೆಗೊಬ್ಬ ಹೊರದೇಶದಲ್ಲಿರುವ ಊರು ಇದು. ರಜೆ ಸಿಗದ ಅಣ್ಣನೋ ಮಾವನೋ ಅಲ್ಲಿಂದಲೇ ಫೋನಿನಲ್ಲಿ ಮದುವೆ ನೋಡುತ್ತಾರೆ. ಆ ತಗಡಿನ ಮಾಡಿನ ಕೆಳಗೆ ಜನ ತುಂಬಿದರೆ ಮೊಬೈಲಿನ ರೇಂಜ್ ಸತ್ತೇ ಹೋಗುತ್ತದೆ. ಆದ್ದರಿಂದ ವೀಡಿಯೋದವರಿಗೆ ಸಭಾಭವನದ ನೆಟ್ಟೇ ಗತಿ.

ಅದನ್ನೇ ನಂಬಿ ಬಂದವಳು ದಮಯಂತಿ. ಅಂಗನವಾಡಿಯಲ್ಲಿ ಅಡುಗೆ ಮಾಡುವವಳು, ಗಂಡ ತೀರಿಹೋದ ಮೇಲೆ ಇಬ್ಬರು ಮಕ್ಕಳನ್ನು ಒಬ್ಬಳೇ ದಡ ಹತ್ತಿಸಿದವಳು. ಮಗಳು ತೃಪ್ತಿಯ ಮದುವೆ ಗೊತ್ತಾಗಿತ್ತು. ಮಗ ಅಕ್ಷಿತನಿಗೆ ಮಸ್ಕತ್ತಿನಿಂದ ರಜೆ ಸಿಗಲಿಲ್ಲ. ತಂದೆಯ ಸ್ಥಾನದಲ್ಲಿ ನಿಲ್ಲಬೇಕಾದವನು ಅವನು.

"ಅವನು ಒಂದೇ ಮಾತು ಕೇಳಿದ್ದು ಪುರುಷೋತ್ತಮಣ್ಣ, ತಂಗಿಯ ಧಾರೆ ಆಗುವಾಗ ನನಗೆ ಕಾಣ್ಬೇಕು ಅಂತ. ನಿಮ್ಮಲ್ಲಿ ನೆಟ್ ಸರಿ ಉಂಟಲ್ಲ?"

"ಎಂತ ಅಕ್ಕ ನೀವು ಕೇಳುದು! ತಂಗಿಯ ಮೂಗುತಿಯ ಕಲ್ಲು ಸಹ ಕಾಣ್ತದೆ ಅವನಿಗೆ," ಎಂದ ಇವನು, ಸುಟ್ಟ ರೂಟರನ್ನು ಕಾಲಿನಿಂದ ಮೇಜಿನಡಿಗೆ ದೂಡುತ್ತಾ.

ಮರುದಿನ ಕೇಬಲಿನ ಹರಿನಾರಾಯಣ ಭಟ್ಟ ಬಂದ. ಊರಿಗೆಲ್ಲ ನೆಟ್ಟಿನ ಲೈನು ಕೊಟ್ಟವನು, ನಾಲಿಗೆ ಸ್ವಲ್ಪ ಉದ್ದ.

"ಸಾದಾದ್ದು ಒಂದು ಸಾಕು. ನಮ್ಮ ಲೈನಿಗೆ ಕೂಡುವಂಥದ್ದು ನಾನೇ ತರ್ತೇನೆ. ಆಫೀಸಿನೊಳಗೆ ಬೇಡ, ಸ್ಟೇಜಿನ ಹತ್ತಿರ ಗೋಡೆಯಲ್ಲಿ ಎತ್ತರಕ್ಕೆ ಇಡುವಾ."

"ಕೊಂಬು ಎಷ್ಟು ಉಂಟು ಅದಕ್ಕೆ?" ಎಂದ ಪುರುಷೋತ್ತಮ. ಆಂಟೆನಾಕ್ಕೆ ಅವನ ಬಾಯಲ್ಲಿ ಕೊಂಬು ಎಂದೇ ಹೆಸರು.

"ನಾಲ್ಕು."

"ನಾಲ್ಕಾ? ಇಷ್ಟು ದೊಡ್ಡ ಹಾಲಿಗೆ?"

"ಎಣಿಸಿ ತೆಗೀಲಿಕ್ಕೆ ಇದು ಎಂತ ಬಾಳೆಗೊನೆಯಾ ಮಾರಾಯ್ರೆ? ಲೈನಿಗೆ ಸರಿಯಾಗ್ತದಾ ಕೇಳಿ, ಜನ ತುಂಬಿದರೆ ತಡೀತದಾ ಕೇಳಿ. ಕೊಂಬು ಎಂತಕ್ಕೆ?"

ಪುರುಷೋತ್ತಮನಿಗೆ ಸಿಟ್ಟು ಬಂತು. ಆ ಹೊತ್ತಿಗೆ ರಜೆಯಲ್ಲಿ ಬಂದಿದ್ದ ಧನರಾಜ್ ತನ್ನ ಪೆಟ್ಟಿಗೆಯಿಂದ ಒಂದು ಕರಿಯ ಡಬ್ಬಿ ತೆಗೆದ. ಅದಕ್ಕೆ ಎಂಟು ಕೊಂಬು. ಮಗುಚಿ ಬಿದ್ದ ಏಡಿಯಂತೆ ಮೇಲಕ್ಕೆ ಕಾಲು ಚಾಚಿಕೊಂಡಿತ್ತು.

"ನಮ್ಮ ಬಿಲ್ಡಿಂಗ್ ಇಡೀ ಇದರಲ್ಲೇ ನಡೀತಿತ್ತು ಬಾವ," ಎಂದ ಧನರಾಜ್. ಕೊಂಡುತಂದದ್ದೇನೂ ಅಲ್ಲ. ಮೊದಲಿದ್ದವರು ರೂಮು ಖಾಲಿ ಮಾಡುವಾಗ ಬಿಟ್ಟುಹೋದದ್ದನ್ನು ಹೆಕ್ಕಿ ತಂದಿದ್ದ. ಎರಡು ದಿನದ ಮೇಲೆ ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ಅವನೇ ನಗುತ್ತಾ ಹೇಳಿದ. ನಾಚಿಕೆ ಎನ್ನುವುದು ವಿಮಾನ ಹತ್ತುವಾಗಲೇ ಅವನ ಕೈಯಿಂದ ಜಾರಿಹೋಗಿರಬೇಕು.

ಪುರುಷೋತ್ತಮ ಆ ಏಡಿಯನ್ನು ಆಫೀಸಿನ ಗಾಜಿನ ಕಪಾಟಿನಲ್ಲಿಟ್ಟ. ಲೈನು ಬರುವ ಪೆಟ್ಟಿಗೆಯನ್ನೂ ಅದರ ಪಕ್ಕದಲ್ಲೇ ಕೂರಿಸಿ, ಕುಂಕುಮ ಹಚ್ಚಿ, ಕಳ್ಳರು ಒಯ್ಯದಂತೆ ಬೀಗ ಹಾಕಿ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಒಳಗೆ ನೀಲಿ ದೀಪ ಮಿಣುಕಿತು. ಫೋನಿನಲ್ಲಿ ವೈಫೈಯ ಗೆರೆಗಳು ತುಂಬಿ ನಿಂತವು. ಅಷ್ಟೇ ಸಾಕಾಯಿತು. ಬಂದಬಂದವರಿಗೆಲ್ಲ ಆ ಗೆರೆ ತೋರಿಸಿದ.

ಭಟ್ಟ ಬಂದು ತನ್ನ ಫೋನಿನಲ್ಲಿ ನೋಡಿ ತಲೆ ಅಲ್ಲಾಡಿಸಿದ. "ಗೆರೆ ಉಂಟು, ನೆಟ್ ಇಲ್ಲ. ಇದು ಅಲ್ಲಿನ ಕಂಪೆನಿಯವರ ಡಬ್ಬಿ. ಅವರ ಲೈನಿಗೆ ಬಿಟ್ಟು ಬೇರೆಯದಕ್ಕೆ ಕೂಡದ ಹಾಗೆ ಲಾಕ್ ಮಾಡಿ ಇಟ್ಟಿದ್ದಾರೆ. ನನ್ನ ಲೈನಿಗೆ ಇದು ಬಾಯಿ ಬಿಡುದಿಲ್ಲ."

"ನಿಮ್ಮ ಡಬ್ಬಿ ತಕೊಳ್ಳಲಿಲ್ಲ ಅಂತ ಹೊಟ್ಟೆಕಿಚ್ಚು ನಿಮಗೆ."

"ಹೊಟ್ಟೆಕಿಚ್ಚಾ? ಹಾಗಾದ್ರೆ ಒಂದು ಫೋಟೋ ಕಳಿಸಿ ನೋಡುವಾ, ಇದರಲ್ಲಿ."

ಕಳಿಸಿದ ಫೋಟೋ ಹೋಗಲಿಲ್ಲ, ಅದರ ಮೇಲೆ ಚಕ್ರ ಸುತ್ತುತ್ತಲೇ ಇತ್ತು. "ನಿಮ್ಮ ಲೈನೇ ಸರಿ ಇಲ್ಲ," ಎಂದ ಪುರುಷೋತ್ತಮ. ಅವನಿಗೆ ಸಂಶಯ ಬರಲಿಲ್ಲವೆಂದು ತಿಳಿಯಬೇಡಿ. ಬಂದಿತ್ತು. ಆದರೆ ರಜೆಯಲ್ಲಿ ಬಂದ ಬಾವಮೈದ ಕೊಟ್ಟ ಸಾಮಾನನ್ನು ಬೇಡವೆಂದರೆ ಮನೆಯಲ್ಲಿ ರಾಜೀವಿ ಮುಖ ತಿರುಗಿಸುತ್ತಾಳೆ, ಮುಂದಿನ ಸಲ ಅತ್ತರಿನ ಶೀಶೆ ಬರುವುದಿಲ್ಲ. ಆ ಶೀಶೆ ಒಂದು ತಟ್ಟೆಯಲ್ಲಿ, ದಮಯಂತಿಗೆ ಕೊಟ್ಟ ಮಾತು ಇನ್ನೊಂದು ತಟ್ಟೆಯಲ್ಲಿ. ತಕ್ಕಡಿ ಯಾವ ಕಡೆಗೆ ವಾಲಿತೆಂದು ನಾನು ಹೇಳಬೇಕಾಗಿಲ್ಲ.

ಮದುವೆಯ ದಿನ ಬಂತು. ಹಾಲ್ ತುಂಬಿ ಜನ ಹೊರಗೂ ನಿಂತಿದ್ದರು. ವೀಡಿಯೋದವನು ಕ್ಯಾಮರಾವನ್ನು ಸ್ಟ್ಯಾಂಡಿಗೆ ಏರಿಸಿ, ವೈಫೈಗೆ ಕೂಡಿಸಿ, ಬೆವರು ಒರೆಸಿಕೊಳ್ಳುತ್ತಾ ಪುರುಷೋತ್ತಮನ ಬಳಿಗೆ ಓಡಿಬಂದ. "ಸಾಹೇಬ್ರೆ, ಒಂದು ತುಂಡು ಸಹ ಹೋಗ್ತಾ ಇಲ್ಲ."

"ಬಿಸಿ ಆಗಲಿ. ದೊಡ್ಡ ಮೆಷಿನಲ್ವಾ, ಸ್ವಲ್ಪ ಹೊತ್ತು ಹಿಡೀತದೆ."

ಅಪ್ಪನ ಮಿಲ್ಲಿನ ಡೀಸೆಲ್ ಇಂಜಿನು ಅವನ ತಲೆಯೊಳಗೆ ಇನ್ನೂ ಓಡುತ್ತಿತ್ತು ಅಂತ ಕಾಣುತ್ತದೆ.

ದಮಯಂತಿ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆಫೀಸಿಗೆ ಬಂದಳು. ಕೈಯಲ್ಲಿ ಫೋನು. "ಅಕ್ಷಿತ ಕೆಲಸದಲ್ಲಿ ಒಂದು ಗಂಟೆ ಬಿಡುವು ಕೇಳಿ ಕೂತಿದ್ದಾನೆ. ಇದರಲ್ಲಿ ಎಂತದೂ ಕಾಣುದಿಲ್ಲ."

ವೀಡಿಯೋದವನು ಆಗಲೇ ಭಟ್ಟನನ್ನು ಕರೆಸಿದ್ದ. ಭಟ್ಟ ತನ್ನ ನಾಲ್ಕು ಕೊಂಬಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. "ಕಪಾಟಿನ ಕೀ ಕೊಡಿ. ವಯರು ತೆಗೆದು ಇದಕ್ಕೆ ಸಿಕ್ಕಿಸುದು, ಅಷ್ಟೇ. ಧಾರೆಗೆ ಮೊದಲು ಆಗ್ತದೆ."

ಪುರುಷೋತ್ತಮನ ಕೈ ಸೊಂಟದ ಕೀಗೊಂಚಲಿಗೆ ಹೋಯಿತು. ಬಾಗಿಲಿನಿಂದ ಮುಂದಿನ ಸಾಲು ಕಾಣುತ್ತಿತ್ತು. ಅಲ್ಲಿ ಧನರಾಜ್ ಮದುಮಗನ ಕಡೆಯವರನ್ನು ಕೂರಿಸಿಕೊಂಡು, ಎರಡೂ ಕೈಯ ಬೆರಳು ಬಿಡಿಸಿ ಎಂಟು ಕೊಂಬಿನ ಲೆಕ್ಕ ತೋರಿಸುತ್ತಿದ್ದ. ಪುರುಷೋತ್ತಮನ ಕೈ ಹಾಗೆಯೇ ಹಿಂದೆ ಬಂತು.

"ಇಷ್ಟು ಜನರೆದುರು ಬಾವಮೈದನ ಮರ್ಯಾದೆ ತೆಗೀಲಿಕ್ಕೆ ಆಗ್ತದಾ ಭಟ್ರೇ? ರೆಕಾರ್ಡ್ ಆಗ್ತದಲ್ಲ. ಅವನು ರಾತ್ರಿ ನೋಡಲಿ."

"ರಾತ್ರಿ ನೋಡ್ಲಿಕ್ಕೆ ಅದು ಎಂತ ಸೀರಿಯಲ್ಲಾ?" ಎಂದ ಭಟ್ಟ.

ಮಂಟಪದಿಂದ ಪುರೋಹಿತರು ಕರೆದರು, ಮುಹೂರ್ತ ಯಾರಿಗೂ ಕಾಯುವುದಿಲ್ಲ. ದಮಯಂತಿ ಹೋದಳು. ವಾಲಗ ಏರಿತು, ತಂದೆಯಿಲ್ಲದ ಹುಡುಗಿಗೆ ಸೋದರಮಾವ ಧಾರೆ ಎರೆದ, ಅಕ್ಕಿಕಾಳು ಬಿತ್ತು. ಆಫೀಸಿನ ಗಾಜಿನ ಹಿಂದೆ ನೀಲಿ ದೀಪ ಮಿಣುಕುತ್ತಲೇ ಇತ್ತು. ಮಸ್ಕತ್ತಿನಲ್ಲಿ ಅಕ್ಷಿತ ನೋಡಿದ್ದು ತಿರುಗುವ ಒಂದು ಚಕ್ರವನ್ನು ಮಾತ್ರ.

ಕಾಲಿಗೆ ಬಿದ್ದ ಮಗಳನ್ನು ಎತ್ತಿ ಹರಸಿ, ದಮಯಂತಿ ಸೀದಾ ಹೊರಗೆ ನಡೆದಳು. ಹೆದ್ದಾರಿಯ ಬದಿಯಲ್ಲಿ ರೇಂಜ್ ಸಿಗುತ್ತದೆ. ಸುಡುವ ಬಿಸಿಲಿನಲ್ಲಿ, ಲಾರಿಗಳ ಗದ್ದಲದ ನಡುವೆ, ಫೋನನ್ನು ಕಿವಿಗೆ ಒತ್ತಿಕೊಂಡು ಅಕ್ಷಿತನಿಗೆ ಕೂಗಿ ಹೇಳತೊಡಗಿದಳು. ದಿಬ್ಬಣ ಇಳಿದಲ್ಲಿಂದ ಶುರು. ಮದುಮಗ ಯಾವ ಕಾಲು ಮುಂದಿಟ್ಟು ಬಂದ, ತೃಪ್ತಿ ಯಾವ ಬಣ್ಣದ ಸೀರೆಯಲ್ಲಿದ್ದಳು, ಜಡೆಗೆ ಮಲ್ಲಿಗೆ ಎಷ್ಟು ಸುತ್ತು, ಧಾರೆಯ ನೀರು ಬೀಳುವಾಗ ಅವಳು ಯಾರ ಕಡೆ ನೋಡಿದಳು. ಒಂದನ್ನೂ ಬಿಡಲಿಲ್ಲ. ಒಳಗೆ ಪಂಕ್ತಿ ಕೂತು, ಎಲೆ ಹಾಕಿ, ಮದುಮಗಳ ತಾಯಿಗಾಗಿ ಕಾಯುತ್ತಿತ್ತು.

ಪುರುಷೋತ್ತಮ ಅತ್ತರಿನ ವಾಸನೆ ಬೀರುತ್ತಾ ಹೊರಗೆ ಬಂದ. "ದಮಯಂತಿಯಕ್ಕ, ಊಟಕ್ಕೆ ಹೊತ್ತಾಯ್ತು. ಜನ ಕಾಯ್ತಾ ಇದ್ದಾರೆ. ಫೋನು ಮತ್ತೆ ಮಾಡಿದ್ರೆ ಆಗ್ತದಲ್ಲ?"

ಅವಳು ಫೋನಿನ ಮೇಲೆ ಅಂಗೈ ಮುಚ್ಚಿದಳು. ದನಿ ಏರಿಸಲಿಲ್ಲ.

"ನನ್ನ ಮಗ ಈಗ ತಂಗಿಯ ಧಾರೆ ನೋಡ್ತಾ ಇದ್ದಾನೆ ಪುರುಷೋತ್ತಮಣ್ಣ. ನೀವು ಸ್ವಲ್ಪ ಅತ್ತ ನಿಲ್ಲಿ."