ಉಳ್ಳಾಗಡ್ಡಿಯ ಪೊರೆ, ಹಳ್ಳದ ನೀರು

ಇವತ್ತು ಉಳ್ಳಾಗಡ್ಡಿ ಹೆಚ್ಚುವಾಗ ಅದರ ತೆಳುಪೊರೆ ಬೆರಳಿಗೆ ಅಂಟಿತು.

ಅಪ್ಪ ಚಿತ್ತಾಪುರದಲ್ಲಿ ನಿಜಾಮರ ಕಾಲದ ದವಾಖಾನೆಯ ಕಂಪೌಂಡರ್ ಆಗಿದ್ದರು. ತಂಗಿ ಗಂಗಾ ವಾಂತಿಭೇದಿಯಿಂದ ತೀರಿಕೊಂಡ ಮರುವಾರ ನನಗೆ ಸೂಕ್ಷ್ಮದರ್ಶಕದಲ್ಲಿ ಅಂಥದೇ ಪೊರೆ ತೋರಿಸಿದರು. ಗೋಡೆಗೆ ಗೋಡೆ ಹತ್ತಿದ ಕೋಣೆಗಳು, ಪ್ರತಿ ಕೋಣೆಯಲ್ಲೂ ಒಂದು ಚುಕ್ಕಿ. ಆಮೇಲೆ ಕೆಳಗಿನ ಗಾಜಿನ ಪಟ್ಟಿ ಬದಲಿಸಿದರು. ಈಗ ಕೆಂಪಗೆ ಬಾಗಿದ ಸಣ್ಣ ಗೆರೆಗಳು ಮಾತ್ರ.

“ಇವಕ್ಕೂ ಗೋಡಿ ಅದವ್ವಾ. ಆದ್ರ ಒಳಗ ಆ ಚುಕ್ಕಿ ಇಲ್ಲ. ಭಾಳ ಸಣ್ಣ ಜೀವ, ವಾಂತಿಭೇದಿ ತರತಾವ.”

“ಗಂಗಾನ್ನ ಕೊಂದದ್ದು ಇವೇ ಏನಪ್ಪಾ?”

“ಹೂಂ. ಹೊಲಸು ನೀರಾಗ ಇರ್ತಾವ. ಆಕಿ ಎಲ್ಲಿ ಕುಡದಳೋ ಏನೋ.”

ಹಳ್ಳದ ನೀರನ್ನು ಬೊಗಸೆಯಲ್ಲಿ ಹಿಡಿದು ಅವಳಿಗೆ ಕುಡಿಸಿದವಳು ನಾನೇ. ಅಪ್ಪ ಸಾಯುವವರೆಗೂ ಅವರಿಗೆ ನಾನು ಇದನ್ನು ಹೇಳಲಿಲ್ಲ. ಇವತ್ತೇ ಮೊದಲು, ಇಲ್ಲಿ ಬರೆಯುತ್ತಿದ್ದೇನೆ.